ಮೋಶೆ ಬೆಳೆಸಿದ ಯೌವನಸ್ಥ

 

ನಮ್ಮ ಮಕ್ಕಳು ಬೆಂಗಳೂರಲ್ಲಿ ದೊಡ್ಡ ದೊಡ್ಡ ಕಂಪನಿಗಳಲ್ಲಿದ್ದಾರೆ. ಇಪ್ಪತ್ತಾರು ವರ್ಷಕ್ಕೇ ಹತ್ತು ಜನರ ಟೀಮ್ ಕೈಗೆ ಬರುತ್ತೆ. ಕೆಲಸ ಗೊತ್ತು, ಜನರನ್ನು ನಡೆಸೋದು ಗೊತ್ತಿಲ್ಲ. ನಾಯಕ ಹೇಗೆ ತಯಾರಾಗ್ತಾನೆ? ಯೆಹೋಶುವನ ಜೀವಿತ ನೋಡೋಣ.

ಮೊದಲನೆಯದು, ವಿಮೋಚನಕಾಂಡ 17. ಅಮಾಲೇಕ್ಯರು ಯುದ್ಧಕ್ಕೆ ಬಂದಾಗ ಮೋಶೆ ಆ ಯೌವನಸ್ಥನಿಗೆ ನಿಜವಾದ ಕೆಲಸ ಕೊಟ್ಟ. ಯಾರನ್ನು ಕರಕೊಂಡು ಹೋಗಬೇಕು ಅನ್ನೋದನ್ನೂ ಅವನಿಗೇ ಬಿಟ್ಟ. ಯೆಹೋಶುವ ಕೆಳಗೆ, ಮೋಶೆ ಗುಡ್ಡದ ಮೇಲೆ. ಮೋಶೆ ಇಳಿದು ಬಂದು ಕತ್ತಿ ಕಿತ್ತುಕೊಳ್ಳಲಿಲ್ಲ. ಅವನಿಗೋಸ್ಕರ ಕೈ ಎತ್ತಿ ನಿಂತ. ಹಲ್ಲೆಲೂಯಾ!

ಎರಡನೆಯದು, ಅರಣ್ಯಕಾಂಡ 11. ಎಲ್ದಾದ್, ಮೇದಾದ್ ಪಾಳೆಯದಲ್ಲಿ ಪ್ರವಾದಿಸಿದಾಗ, ಅವರನ್ನು ತಡೀಬೇಕು ಅಂದವನು ಇದೇ ಯೆಹೋಶುವ. ಮೋಶೆ ತಿದ್ದಿದ, ಆದರೆ ತಳ್ಳಿಬಿಡಲಿಲ್ಲ. ಒಂದು ತಪ್ಪಿಗೆ ಒಬ್ಬ ಹುಡುಗನನ್ನು ಮೂಲೆಗೆ ಹಾಕಿದ್ರೆ, ನಾಳೆ ನಿಮ್ಮ ಜಾಗದಲ್ಲಿ ನಿಲ್ಲೋರು ಯಾರು?

ಮೂರನೆಯದು, ಅರಣ್ಯಕಾಂಡ 27. ದೇವರು ಹೇಳಿದಂತೆ ಮೋಶೆ ಎಲ್ಲಾ ಜನರ ಮುಂದೆ ಅವನ ಮೇಲೆ ಕೈಯಿಟ್ಟು ತನ್ನ ಅಧಿಕಾರದಲ್ಲಿ ಪಾಲು ಕೊಟ್ಟ. ಯಾವಾಗ? ತಾನು ಬದುಕಿರುವಾಗಲೇ!

ಇದಕ್ಕೆ ಉದಾಹರಣೆ ದೂರ ಇಲ್ಲ ಪ್ರಿಯರೇ. ನಮ್ಮ ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡ್ತು. ಆಗ ಅಲ್ಲಿ ಅಮೆರಿಕದ ತಜ್ಞರು ಇದ್ದರು. ಅಧ್ಯಕ್ಷರಾಗಿ ಬಂದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದವರನ್ನೇ ತಯಾರು ಮಾಡಿ ಆ ಜವಾಬ್ದಾರಿಗಳಿಗೆ ತಂದರು. 1929ರಲ್ಲಿ ಅವರು ಆ ಸ್ಥಾನ ಬಿಟ್ಟರು. ಕಾರ್ಖಾನೆ ನಡೀತಾನೇ ಹೋಯ್ತು. ಲೋಕದ ಕೆಲಸದಲ್ಲೇ ಇಷ್ಟು ಮುಂದಾಲೋಚನೆ ಇದ್ದರೆ, ದೇವರ ಮನೆಯಲ್ಲಿ ಎಷ್ಟಿರಬೇಕು?

ಈಗ ಒಂದು ಎಚ್ಚರಿಕೆ. ಮೋಶೆಯ ನಂತರ ಯೆಹೋಶುವ ಇದ್ದ. ಯೆಹೋಶುವನ ನಂತರ ಯಾರು? ವಾಕ್ಯದಲ್ಲಿ ಒಬ್ಬರ ಹೆಸರೂ ಸಿಗಲ್ಲ. ನ್ಯಾಯಸ್ಥಾಪಕರು 2:10 ಓದಿ ನೋಡಿ: ಕರ್ತನನ್ನು ಅರಿಯದ ಒಂದು ಸಂತತಿ ಎದ್ದಿತು. ಬರೀ ಒಂದು ತಲೆಮಾರಿನಲ್ಲಿ!

ಹಿರಿಯರೇ, "ನಾನಿಲ್ಲದಿದ್ರೆ ಇಲ್ಲಿ ಏನೂ ನಡೆಯಲ್ಲ" ಅನ್ನೋದು ಹೆಮ್ಮೆಯ ಮಾತಲ್ಲ, ದುಃಖದ ಮಾತು. ಆಫೀಸಲ್ಲಿ ನಿಮ್ಮ ಕೈಕೆಳಗಿರೋ ಒಬ್ಬ ಚಿಕ್ಕವನಿಗೆ ಈ ವಾರ ಒಂದು ಪೂರ್ತಿ ಕೆಲಸ ಒಪ್ಪಿಸಿ. ಕುರ್ಚಿ ಜೋಡಿಸೋದಷ್ಟೇ ಅಲ್ಲ, ಸಭೆಯ ಲೆಕ್ಕದ ಪುಸ್ತಕ, ಶುಕ್ರವಾರದ ಉಪವಾಸ ಪ್ರಾರ್ಥನೆ, ಇವನ್ನೂ ನಮ್ಮ ಯೌವನಸ್ಥರ ಕೈಗೆ ಕೊಡಿ. ಕೊಟ್ಟು ಸುಮ್ಮನಾಗಬೇಡಿ; ಅವರ ಹೆಸರು ಹಿಡಿದು ಪ್ರಾರ್ಥಿಸಿ.

ಯೌವನಸ್ಥರೇ, ಯೆಹೋಶುವ ನಾಯಕನಾಗೋ ಮುಂಚೆ ಸೇವಕನಾಗಿದ್ದ. ದೇವದರ್ಶನದ ಗುಡಾರ ಬಿಟ್ಟು ಹೋಗಲಿಲ್ಲ, ವಿಮೋಚನಕಾಂಡ 33:11. ನಾಲ್ಕು ಜನರ ಮುಂದೆ ನಿಲ್ಲೋ ಮುಂಚೆ ದೇವರ ಮುಂದೆ ಮೊಣಕಾಲೂರು. ಪದವಿ ಕಂಪನಿ ಕೊಡಬಹುದು, ಜ್ಞಾನ ಕೊಡೋದು ಪವಿತ್ರಾತ್ಮನೇ.

ಎಲ್ಲರೂ ಎದ್ದು ನಿಲ್ಲೋಣ. ತಂದೆಯೇ, ನಿನ್ನ ಮಕ್ಕಳ ಮೇಲೆ ನಿನ್ನ ಆತ್ಮವನ್ನು ಸುರಿಸು. ಹಿರಿಯರಿಗೆ ಬಿಟ್ಟುಕೊಡುವ ಮನಸ್ಸು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.