ಕತ್ತಲೆಯ ಸರದಿ

2022ರ ಡಿಸೆಂಬರ್ 24ರ ಬೆಳಗಿನ ಜಾವ, ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ತಾಗಿಕೊಂಡಿರುವ ಮಾರಿಸ್‌ವಿಲ್‌ನ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಹೊರಗೆ ಶೂನ್ಯಕ್ಕಿಂತ ಹತ್ತು ಡಿಗ್ರಿಗೂ ಕೆಳಗಿನ ಚಳಿ. ಬೇಡಿಕೆ ಏರಿತ್ತು, ಕೆಲವು ಉತ್ಪಾದನಾ ಘಟಕಗಳು ಕೈಕೊಟ್ಟಿದ್ದವು. ಎರಡೂ ಕ್ಯಾರೊಲೈನಾಗಳಲ್ಲಿ ಸುಮಾರು ಐದು ಲಕ್ಷ ಗ್ರಾಹಕರಿಗೆ ಸರದಿಯಂತೆ ವಿದ್ಯುತ್ ಕಡಿತವಾಯಿತು. ನಮ್ಮ ಪಾಲಿಗೆ ಬಂದದ್ದು ಒಂದು ಗಂಟೆ. ಅಷ್ಟಕ್ಕೇ ನಾನು ಕುದಿದುಹೋದೆ. ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿರುವ ಕಾಕಾನಿಗೆ ಫೋನಿನಲ್ಲಿ ಹೇಳಿದರೆ ಅವರು ನಕ್ಕರು: "ಒಂದ್ ತಾಸಿಗೆ ಇಷ್ಟ್ಯಾಕ ಸಿಟ್ಟೋ ತಮ್ಮಾ? ನಮ್ಮ ಪಂಪ್‌ಸೆಟ್ಟಿಗೆ ಕರೆಂಟ್ ಬರೋದ ನಡುರಾತ್ರ್ಯಾಗ."

ಆ ನಗು ಅರ್ಥವಾಗಲು ಹತ್ತು ತಿಂಗಳು ಬೇಕಾಯಿತು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಬರ. ಜಲಾಶಯಗಳು ತುಂಬಿರಲಿಲ್ಲ, ವಿದ್ಯುತ್ತಿಗೆ ಹಾಹಾಕಾರ. ಅದೇ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಹಿಡಿದು ಕಟ್ಟಿ, ಟ್ರ್ಯಾಕ್ಟರಿನಲ್ಲಿ ವಿದ್ಯುತ್ ಉಪಕೇಂದ್ರಕ್ಕೇ ತಂದರು. ರಾತ್ರಿ ನೀರು ಹಾಯಿಸಲು ಹೋದವರನ್ನು ಹಾವೋ ಮೊಸಳೆಯೋ ಕಚ್ಚಿದರೆ ಹೊಣೆ ಯಾರು ಎಂಬುದು ಅವರ ಪ್ರಶ್ನೆ.

ಕೊರತೆಯ ಬಗ್ಗೆ ನಾವು ಮಾತಾಡುವುದು ಮೆಗಾವ್ಯಾಟ್‌ಗಳಲ್ಲಿ. ಎಷ್ಟು ಸಾಲದು, ಎಲ್ಲಿಂದ ಕೊಳ್ಳಬೇಕು, ಹೊಸ ಸ್ಥಾವರ ಎಲ್ಲಿ ಕಟ್ಟಬೇಕು. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಸ್ಥಾವರ ಎದ್ದು ನಿಲ್ಲುವತನಕ ಇರುವ ಕತ್ತಲೆಯನ್ನು ಯಾರಾದರೂ ಹೊರಲೇಬೇಕಲ್ಲ, ಯಾರು? ಮಳೆ ಬಾರದ್ದು ಯಾರ ತಪ್ಪೂ ಅಲ್ಲ. ಯಾರ ಫೀಡರಿಗೆ ಯಾವ ಹೊತ್ತಿನಲ್ಲಿ ಕರೆಂಟು ಎಂಬ ಪಟ್ಟಿಯನ್ನು ಮಾತ್ರ ಮನುಷ್ಯರೇ ಬರೆಯುತ್ತಾರೆ.

ಈ ಪಟ್ಟಿಗೆ ನಮ್ಮಲ್ಲಿ ಹಳೆಯ ಇತಿಹಾಸವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಅದು ಮೊದಲು ಹೋದದ್ದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷದ ಮೇಲೆ ಬೆಂಗಳೂರಿನ ಬೀದಿಗಳಿಗೆ ಬಂತು. ತಂತಿಯ ಕೆಳಗಿನ ಹಳ್ಳಿಗಳು ಕಾಯುತ್ತಲೇ ಉಳಿದವು. ಅರವತ್ತರ ದಶಕದಲ್ಲಿ ಲಿಂಗನಮಕ್ಕಿಯ ಹಿನ್ನೀರು ಏರಿದಾಗ ಮನೆ, ತೋಟ ಕಳೆದುಕೊಂಡವರು ಶರಾವತಿ ಕೊಳ್ಳದವರು. ಬೆಳಕು ಕಂಡದ್ದು ನಾಡು.

ಇದಕ್ಕೆ ಎದುರುವಾದವೂ ಇದೆ. ರೈತರಿಗೆ ಕರೆಂಟು ಉಚಿತ, ಹಣ ಕಟ್ಟುವವರಿಗೆ ಮೊದಲು ಕೊಟ್ಟರೆ ತಪ್ಪೇನು? ನಗರ ನಿಂತರೆ ನೌಕರಿಗಳು ನಿಲ್ಲುತ್ತವೆ, ತೆರಿಗೆ ನಿಲ್ಲುತ್ತದೆ. ಮಾತು ಸುಳ್ಳಲ್ಲ. ಆಸ್ಪತ್ರೆಗೂ ಅಲಂಕಾರದ ದೀಪಕ್ಕೂ ಒಂದೇ ಸರದಿ ಇರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಕರೆಂಟು ಹೋದರೆ ಕಳೆಯುವುದು ಸೌಕರ್ಯ, ಹೆಚ್ಚೆಂದರೆ ಸಂಪಾದನೆ. ನಡುರಾತ್ರಿ ಗದ್ದೆಯ ಬದುವಿನ ಮೇಲೆ ನಡೆಯುವವನು ಪಣಕ್ಕಿಡುವುದು ಪ್ರಾಣ. ಎರಡನ್ನೂ ರೂಪಾಯಿಯ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಲ್ಲದೆ ಪಾವಗಡದ 2,050 ಮೆಗಾವ್ಯಾಟ್‌ನ ಸೌರ ಉದ್ಯಾನ ದುಡಿಯುವುದು ಹಗಲಿನಲ್ಲೇ, ಅದೂ ರೈತರು ಗುತ್ತಿಗೆಗೆ ಕೊಟ್ಟ ನೆಲದಲ್ಲಿ. ಹಗಲಿನ ಬಿಸಿಲಿನಲ್ಲಿ ರೈತನಿಗೆ ಮೊದಲ ಪಾಲು ಕೊಡುವುದು ಈಗ ಅಸಾಧ್ಯದ ಮಾತೇನಲ್ಲ.

ಇಷ್ಟು ಬರೆದ ಮೇಲೆ ನನ್ನ ಕಡೆಗೂ ನೋಡಿಕೊಳ್ಳಬೇಕು. ಭಾರತದಲ್ಲಿ ತಲಾ ವಿದ್ಯುತ್ ಬಳಕೆ ವರ್ಷಕ್ಕೆ 1,400 ಯೂನಿಟ್ಟಿನ ಆಸುಪಾಸು. ನಾನಿರುವ ದೇಶದಲ್ಲಿ ಅದರ ಎಂಟು ಪಟ್ಟಿಗೂ ಹೆಚ್ಚು. ಇಲ್ಲಿ ಕೂತು ಕಲ್ಲಿದ್ದಲು ಬೇಡ, ಅಣೆಕಟ್ಟು ಬೇಡ ಎಂದು ಊರಿಗೆ ಉಪದೇಶಿಸುವುದು ಸುಲಭ. ಬೇಸಿಗೆಯಲ್ಲಿ ನನ್ನ ಬೆಳಗಿನ ಒಂಬತ್ತರ ಮೀಟಿಂಗಿಗೆ ಬೆಂಗಳೂರಿನ ಸಹೋದ್ಯೋಗಿಗಳು ಸಂಜೆ ಆರೂವರೆಗೆ ಕೂರುತ್ತಾರೆ. ಊರೆಲ್ಲ ದೀಪ ಹಚ್ಚುವ, ಬೇಡಿಕೆ ಏರುವ ಹೊತ್ತು ಅದು. ಆ ಕಚೇರಿಯ ದೀಪಗಳಲ್ಲಿ ಕೆಲವು ನನಗಾಗಿ ಉರಿಯುತ್ತವೆ. ಕಾಕಾನ ನಡುರಾತ್ರಿಯಲ್ಲಿ ನನ್ನದೂ ಒಂದು ಪಾಲಿದೆ.

ಮೀಟಿಂಗನ್ನು ಒಂದೂವರೆ ಗಂಟೆ ಹಿಂದಕ್ಕೆ ತಂದಿದ್ದೇನೆ. ಇದರಿಂದ ನಾಡಿನ ಕೊರತೆ ನೀಗದೆಂದು ಗೊತ್ತು. ಆದರೆ ಕತ್ತಲೆಯ ಪಟ್ಟಿ ಬರೆಯುವವರ ಮನೆಯೂ ಆ ಪಟ್ಟಿಯಲ್ಲಿರಬೇಕು ಎಂದು ಕೇಳುವ ಮೊದಲು ನನ್ನ ಹೆಸರನ್ನು ಅದರಲ್ಲಿ ಸೇರಿಸಬೇಕಿತ್ತು.