ಸಂಧ್ಯೆ ಯಾವ ಊರಿನದು?

ಕರಾವಳಿಯ ಕಾಗಾಲದಲ್ಲಿ ಘಟ್ಟದ ಮೇಲೆ ಸೂರ್ಯನುದಿಸುವ ಹೊತ್ತಿಗೆ ಅರ್ಘ್ಯ ಬಿಡುತ್ತ ಬಂದ ಹಿರಿಯರೊಬ್ಬರು ಬೆಂಗಳೂರಿನಲ್ಲಿ ವಿಮಾನವೇರಿ, ಹದಿನಾರು ತಾಸಿಗೂ ಮಿಕ್ಕಿ ಹಾರಿ, ಮಗನಿರುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದರೆ, ಚಳಿಗಾಲದಲ್ಲಿ ನಮಗಿಂತ 13 ತಾಸು 30 ನಿಮಿಷ ಹಿಂದಿರುವ ಆ ಊರಿನಲ್ಲಿ ಅವರ ಪ್ರಾತಃಸಂಧ್ಯೆ ಯಾವುದು? ನಿಂತ ನೆಲದ ಸೂರ್ಯೋದಯವೇ ಪ್ರಮಾಣವೆಂಬುದು ಸಂಪ್ರದಾಯದ ಉತ್ತರ. ಸಂಕಲ್ಪದಲ್ಲಿ ಕಾಲದೊಡನೆ ದೇಶವನ್ನೂ ಉಚ್ಚರಿಸುವುದು, ಅಮೆರಿಕದ ಕೆಲವು ಪುರೋಹಿತರು ಜಂಬೂದ್ವೀಪವನ್ನು ಬಿಟ್ಟು ಕ್ರೌಂಚದ್ವೀಪವೆನ್ನುವುದು ಇದಕ್ಕೆ ಅನುಗುಣವಾಗಿಯೇ ಇದೆ. ದೇಹವಾದರೋ ಈ ತೀರ್ಪನ್ನು ಒಡನೆಯೇ ಒಪ್ಪದು: ರಾತ್ರಿ ಎರಡಕ್ಕೆ ಎದ್ದು ಚಹಾ ಬೇಡುತ್ತದೆ, ಮಧ್ಯಾಹ್ನ ಊಟದ ನಡುವೆಯೇ ತೂಕಡಿಸುತ್ತದೆ, ದಿನಕ್ಕೆ ಸುಮಾರು ಒಂದು ತಾಸಿನಷ್ಟೇ ಹೊಂದಿಕೊಳ್ಳುತ್ತದೆ. ಅದನ್ನು ಒಲಿಸುವ ಪ್ರಬಲ ಸಾಧನ ಹೊಸ ಊರಿನ ಹಗಲ ಬೆಳಕೆಂದು ವೈದ್ಯಶಾಸ್ತ್ರವೂ ಹೇಳುವುದರಿಂದ, ನಿದ್ದೆಗೆಟ್ಟ ಹಿರಿಯರು ಅಂಗಳದಲ್ಲಿ ಪೂರ್ವಾಭಿಮುಖರಾಗಿ ನಿಲ್ಲಲಿ. ವಿಮಾನದೊಳಗಿನ ಸಂಧ್ಯೆಗೆ, ನನ್ನ ಮತದಲ್ಲಿ, ಮಾನಸಿಕ ಅರ್ಘ್ಯವೇ ಸಾಕು.