ನೆಚ್ಚತಕ್ಕ ಆಯುಧ

ಆಯುಧವನ್ನು ಆರಿಸಿಕೊಳ್ಳುವವನ ಮೊದಲ ಪ್ರಶ್ನೆ, ಇದು ಆಪತ್ಕಾಲದಲ್ಲಿ ಕೈಕೊಡದೆ ಒದಗುವುದೇ ಎಂಬುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಯು ಸೈನಿಕನದು ಮಾತ್ರವಲ್ಲ. ಅಂಗಡಿಯವನು, ಉಪಾಧ್ಯಾಯಿನಿ, ಸಾಮಾನ್ಯ ಗೃಹಸ್ಥ ಇವರದೂ ಆಗಿದೆ. ಸಣ್ಣದೊಂದು ಪಿಸ್ತೂಲನ್ನು ಉಡುಪಿನ ಮರೆಯಲ್ಲಿಟ್ಟುಕೊಂಡು ನಿತ್ಯದ ಕೆಲಸಕ್ಕೆ ಹೊರಡುವವರು ಅಲ್ಲಿ ಅನೇಕರುಂಟು. 2024ರ ವೇಳೆಗೆ ಅಲ್ಲಿನ 50 ಸಂಸ್ಥಾನಗಳ ಪೈಕಿ 29ರಲ್ಲಿ ಇದಕ್ಕೆ ಅನುಮತಿಪತ್ರವೇ ಬೇಕಾಗಿರಲಿಲ್ಲ. ಯಾವ ಪಿಸ್ತೂಲನ್ನು ನೆಚ್ಚಬಹುದೆಂದು ಇವರು ಬಹು ಎಚ್ಚರದಿಂದ ವಿಚಾರಿಸುತ್ತಾರೆ. ಆ ಎಚ್ಚರವನ್ನು ನಾವು ಹಗುರವಾಗಿ ಕಾಣಬೇಕಾದುದಿಲ್ಲ. ಆದರೆ ಯಂತ್ರವನ್ನು ನೆಚ್ಚುವುದು ಬೇರೆ, ಅದನ್ನು ಹಿಡಿದ ಮನುಷ್ಯನನ್ನು ನೆಚ್ಚುವುದು ಬೇರೆ. ಮೊದಲನೆಯದು ಸಿದ್ಧಿಸಿದ ಮಾತ್ರಕ್ಕೆ ಎರಡನೆಯದೂ ಸಿದ್ಧಿಸುವುದೇ ಎಂಬುದೇ ಪ್ರಕೃತ ವಿಚಾರ.

ಮೊದಲು ಯಂತ್ರದ ಮಾತು. ಅರೆ ಸ್ವಯಂಚಾಲಿತ ಪಿಸ್ತೂಲಿನಲ್ಲಿ ಕುದುರೆಯನ್ನು ಒಂದು ಸಲ ಎಳೆದರೆ ಒಂದು ಗುಂಡು ಹಾರುತ್ತದೆ. ಆ ಸಿಡಿತದ ಬಲದಿಂದಲೇ ಬರಿದಾದ ತೋಟಾ ಹೊರಕ್ಕೆ ಚಿಮ್ಮಿ, ಹಿಡಿಯೊಳಗಿನ ಪೆಟ್ಟಿಗೆಯಿಂದ ಮುಂದಿನದು ಮೇಲೆ ಬಂದು ಕೂಡುತ್ತದೆ. ಈ ಕ್ರಮದಲ್ಲಿ ಎಲ್ಲಿ ತೊಡಕಾದರೂ ಆಯುಧವು ಬರಿಯ ಕಬ್ಬಿಣದ ತುಂಡು. ಆದುದರಿಂದ ವಿವೇಕಿಯು ತಾನು ಒಯ್ಯಲಿರುವ ಜಾತಿಯ ತೋಟಾಗಳನ್ನೇ ನೂರಾರು ಸಲ ಹಾರಿಸಿ ನೋಡಿದ ಬಳಿಕವೇ ಅದನ್ನು ನಂಬುತ್ತಾನೆ. ತೀರ ಚಿಕ್ಕದು ಸುಲಭವಾಗಿ ಮರೆಯಾಗುತ್ತದೆ, ಆದರೆ ಕೈಯಲ್ಲಿ ನೆಲೆಯಾಗಿ ನಿಲ್ಲದೆ ಬಲವಾಗಿ ಒದೆಯುತ್ತದೆ. ದೊಡ್ಡದು ಕೈಗೆ ಹೊಂದುತ್ತದೆ, ಆದರೆ ಅಂಗಿಯ ಮೇಲೆ ಗುರುತು ತೋರುತ್ತದೆ. ಇವೆರಡರ ನಡುವೆ ತನಗೊಪ್ಪುವುದನ್ನು ಆರಿಸಬೇಕು. 1911ರಲ್ಲಿ ಅಮೆರಿಕದ ಸೈನ್ಯವು, ಜಾನ್ ಬ್ರೌನಿಂಗನು ರಚಿಸಿದ ಕೋಲ್ಟ್ ಪಿಸ್ತೂಲನ್ನು 6,000 ಗುಂಡುಗಳಿಂದ ಪರೀಕ್ಷಿಸಿ, ಅದು ತೊಡಕದೆ ನಡೆದುದನ್ನು ಕಂಡು ಅಂಗೀಕರಿಸಿತು. ಯಂತ್ರಕ್ಕೆ ಇಂಥ ಪರೀಕ್ಷೆಯುಂಟು. ಒಯ್ಯುವವನಿಗೆ ಇದಕ್ಕೆ ಸಮನಾದ ಪರೀಕ್ಷೆ ಯಾವುದು?

ಈ ಪ್ರಶ್ನೆಯು ಯಂತ್ರದ ಚರಿತ್ರೆಯಿಂದಲೇ ಏಳುತ್ತದೆ. ಬ್ರೌನಿಂಗನ ಪಿಸ್ತೂಲಿಗೆ ಎರಡು ತಡೆಗಳಿದ್ದವು: ಹೆಬ್ಬೆರಳಿನಿಂದ ಸರಿಸಬೇಕಾದ ಕೀಲು ಒಂದು, ಹಿಡಿಯನ್ನು ಬಿಗಿಯಾಗಿ ಹಿಡಿದಲ್ಲದೆ ಗುಂಡು ಹಾರಗೊಡದ ಹಿಂಬದಿಯ ಕೀಲು ಇನ್ನೊಂದು. 1982ರಲ್ಲಿ ಆಸ್ಟ್ರಿಯದ ಸೈನ್ಯವು ಒಪ್ಪಿಕೊಂಡ ಗ್ಯಾಸ್ಟನ್ ಗ್ಲಾಕನ ಪಿಸ್ತೂಲಿನಲ್ಲಿ ಇವೆರಡೂ ಇಲ್ಲ. ಕೆಳಗೆ ಬಿದ್ದರೆ ಸಿಡಿಯದಂತೆ ಒಳಗೆ ಬೇರೆ ತಡೆಗಳುಂಟು. ಹೊರಗಿನ ತಡೆಯು ಕುದುರೆಯಲ್ಲಿಯೇ ಅಡಗಿದ್ದು, ಬೆರಳಿಟ್ಟು ಎಳೆದೊಡನೆ ತಾನಾಗಿ ಬಿಡುತ್ತದೆ. ಇಂದು ಮರೆಯಲ್ಲಿ ಒಯ್ಯುವ ಪಿಸ್ತೂಲುಗಳಲ್ಲಿ ಬಹುಪಾಲು ಈ ಮಾರ್ಗವನ್ನೇ ಹಿಡಿದಿವೆ. ಇದಕ್ಕೆ ಕಾರಣವೂ ಯುಕ್ತವಾದುದೇ: ಭಯದಲ್ಲಿ ಬುದ್ಧಿ ಮಂಕಾಗುತ್ತದೆ, ಸರಿಸಬೇಕಾದ ಕೀಲನ್ನು ಕೈ ಮರೆಯುತ್ತದೆ. ಆದರೆ ಇದರಿಂದ ನಡೆದುದೇನು? ಹಿಂದೆ ಉಕ್ಕಿನ ಕೀಲು ಹೊತ್ತಿದ್ದ ಸಂಯಮದ ಭಾರವನ್ನು ಇಂದು ಮನುಷ್ಯನ ಬೆರಳು ಹೊತ್ತಿದೆ; ಬೆರಳು ಮನಸ್ಸಿನ ಅಧೀನ. ಭಯದಲ್ಲಿ ಕೀಲನ್ನು ಮರೆಯುವ ಮನಸ್ಸು ಸಂಯಮವನ್ನು ಮಾತ್ರ ಮರೆಯದೆಂದು ನಂಬುವುದು ಹೇಗೆ?

ಯಂತ್ರದ ನಿಷ್ಠೆಯು ಯಾರ ಕೈಗಾದರೂ ಸಮಾನವಾಗಿ ಸಲ್ಲುತ್ತದೆ. 1948ರ ಜನವರಿ 20ರಂದು ದಿಲ್ಲಿಯ ಪ್ರಾರ್ಥನಾಸಭೆಯ ಬಳಿ ಬಾಂಬು ಸಿಡಿದ ತರುವಾಯ, ಬರುವವರನ್ನು ಶೋಧಿಸಬೇಕೆಂಬ ಸಲಹೆ ಬಂದಾಗ ಗಾಂಧೀಜಿಯವರು ಒಪ್ಪಲಿಲ್ಲ. ಹತ್ತು ದಿನಗಳ ಮೇಲೆ ಒಬ್ಬನು ಮರೆಯಲ್ಲಿ ತಂದ ಇಟಲಿಯ ಬೆರೆಟಾ ಪಿಸ್ತೂಲಿನಿಂದ ಮೂರು ಗುಂಡುಗಳನ್ನು ಹಾರಿಸಿದನು. ಆ ಪಿಸ್ತೂಲು ತೊಡಕಲಿಲ್ಲ. ತಯಾರಿಸಿದವರ ದೃಷ್ಟಿಯಿಂದ ಅದು ನೆಚ್ಚತಕ್ಕ ಆಯುಧವೇ.

ಇನ್ನು ಮರೆಯ ಮಾತು. ಬಹಿರಂಗವಾಗಿ ಆಯುಧ ಧರಿಸುವುದು ಪ್ರಾಮಾಣಿಕ, ಮರೆಮಾಡಿ ಒಯ್ಯುವುದು ಹೀನ ಎಂಬ ಭಾವನೆ ಹಿಂದೆ ಅಮೆರಿಕದಲ್ಲಿಯೂ ಬಲವಾಗಿತ್ತು; 1813ರಷ್ಟು ಹಿಂದೆಯೇ ಕೆಂಟಕಿ ಸಂಸ್ಥಾನವು ಮರೆಯ ಆಯುಧವನ್ನು ನಿಷೇಧಿಸಿತು. ಇಂದಿನ ಅಭಿಪ್ರಾಯವು ಅದಕ್ಕೆ ವಿರುದ್ಧ. ವಿಶೇಷ ಕಾರಣ ತೋರಿಸಿದವರಿಗೆ ಮಾತ್ರ ಅನುಮತಿಯೆಂಬ ನ್ಯೂಯಾರ್ಕಿನ ನಿಬಂಧನೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ರದ್ದುಪಡಿಸಿತು. ನಮ್ಮ ಕೊಡಗಿನ ಕೋವಿಯಾದರೋ ಬಹಿರಂಗದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ದೊರೆತ ವಿನಾಯಿತಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದಿನಂದು ಕೋವಿಗೆ ತೋಕ್ ಪೂವನ್ನು ಮುಡಿಸಿ ಪೂಜಿಸುತ್ತಾರೆ. ಯಾವ ಮನೆಯಲ್ಲಿ ಕೋವಿಯಿದೆಯೆಂದು ಊರೇ ಬಲ್ಲದು.

ಮರೆಯ ಪಕ್ಷದವರ ಯುಕ್ತಿಯೂ ಉಂಟು: ಕಾಣದ ಆಯುಧವು ನೆರೆಹೊರೆಯವರನ್ನು ಹೆದರಿಸುವುದಿಲ್ಲ, ಯಾರ ಬಳಿ ಇದೆಯೆಂದು ತಿಳಿಯದ ಕಳ್ಳನು ಎಲ್ಲರಿಗೂ ಅಂಜುತ್ತಾನೆ. ಈ ಯುಕ್ತಿಯನ್ನು ಒಪ್ಪಿದರೂ ಒಂದು ಧರ್ಮಸೂಕ್ಷ್ಮ ಉಳಿಯುತ್ತದೆ. ಬೀದಿಯಲ್ಲಿ ಇಬ್ಬರು ಜಗಳವಾಡುವಾಗ, ಈ ಜಗಳವು ಮರಣದಲ್ಲಿ ಮುಗಿಯಬಹುದೆಂದು ಬಲ್ಲವನು ಪಿಸ್ತೂಲುಳ್ಳವನೊಬ್ಬನೇ. ಎದುರಿನವನಿಗೆ ಆ ಅರಿವಿಲ್ಲ. ಅರಿತವನ ಮೇಲೆ ತಾಳ್ಮೆಯ ಹೊಣೆ ಹೆಚ್ಚು. ಆದುದರಿಂದ ಮರೆಯಲ್ಲಿ ಆಯುಧವುಳ್ಳವನು, ನಿರಾಯುಧನಿಗಿರುವ ಒಂದು ಸಲಿಗೆಯನ್ನು ಬಿಟ್ಟುಕೊಟ್ಟಂತೆಯೇ: ಸಿಟ್ಟಾಗುವ ಸಲಿಗೆ. ಬೈಗುಳನ್ನು ಕೇಳಿಯೂ ಅವನು ತಲೆತಗ್ಗಿಸಿ ಹೋಗಬೇಕು.

ಹಾಗಾದರೆ ಆಯುಧವೇ ಅಧರ್ಮವೆನ್ನೋಣವೇ? ಅಷ್ಟು ಸುಲಭವಾಗಿ ಹೇಳಲಾಗದು. ಕಾಯಬೇಕಾದ ಅಧಿಕಾರಿಯು ಕಾಯದಿದ್ದಾಗ ದುರ್ಬಲನು ಏನು ಮಾಡಬೇಕು? 1956ರ ಜನವರಿ 30ರಂದು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗರ ಮನೆಯ ಮೇಲೆ ಬಾಂಬೆಸೆಯಲ್ಪಟ್ಟಿತು. ಹೆಂಡತಿಯೂ ಎಳೆಗೂಸೂ ಒಳಗಿದ್ದರು. ಕಿಂಗರು ಪಿಸ್ತೂಲೊಯ್ಯಲು ಅನುಮತಿ ಬೇಡಿದರು, ಅಧಿಕಾರಿಗಳು ಕೊಡಲಿಲ್ಲ. ಪ್ರಾಣಭಯವು ಅವರಿಗಿಂತ ಹೆಚ್ಚಾಗಿ ಯಾರಿಗಿತ್ತು? ಅನುಮತಿಯು ಅಧಿಕಾರಿಯ ಇಚ್ಛೆಗೆ ಬಿಟ್ಟದ್ದಾದರೆ ಅದು ಬಲ್ಲಿದರ ಸೊತ್ತಾಗುವುದೆಂಬ ವಾದಕ್ಕೆ ಇದು ಬಲವಾದ ನಿದರ್ಶನ. ಆದರೆ ಅನಂತರ ಕಿಂಗರು ಮನೆಯಲ್ಲಿದ್ದ ಆಯುಧವನ್ನೂ ತ್ಯಜಿಸಿದರು. ಅದು ಮನೆಯಲ್ಲಿದ್ದಾಗಲೇ ತಮಗೆ ಭಯ ಹೆಚ್ಚಾಗಿತ್ತೆಂದು ಮುಂದೆ ಬರೆದರು. 1968ರಲ್ಲಿ ಅವರು ಕೊಲೆಯಾದರಲ್ಲ ಎಂದು ಕೇಳುವವರುಂಟು. ದೂರದಿಂದ ಬಂದ ರೈಫಲಿನ ಗುಂಡನ್ನು ಜೇಬಿನ ಪಿಸ್ತೂಲು ತಡೆಯುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ತಮ್ಮ ಕೈಯಿಂದ ತಾವೇ ಸತ್ತವರು. ಹೊರಗಿನ ಶತ್ರುವಿಗೆಂದು ತಂದ ಆಯುಧಕ್ಕೆ ಮನೆಯವರ ದುಃಖದ ಒಂದು ಗಳಿಗೆಯೂ ಸಿಕ್ಕುತ್ತದೆ. ಆ ಗಳಿಗೆ ಕಳೆದಿದ್ದರೆ ಬದುಕಿ ಉಳಿಯುತ್ತಿದ್ದವರು ಎಷ್ಟೋ ಜನ. ಎಂದೂ ತೊಡಕದ ಯಂತ್ರವು ಅದು ಕಳೆಯುವವರೆಗೆ ಕಾಯುವುದಿಲ್ಲ. ಇಲ್ಲಿ ಯಂತ್ರದ ಗುಣವೇ ಅಪಾಯವಾಗುತ್ತದೆ.

ಆದುದರಿಂದ ಆಯುಧವನ್ನು ಆರಿಸುವವನು ಅದನ್ನು ಪರೀಕ್ಷಿಸಿದಷ್ಟೇ ನಿಷ್ಠುರವಾಗಿ ತನ್ನನ್ನೂ ಪರೀಕ್ಷಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಕಳೆದ ವರ್ಷದಲ್ಲಿ ನಾನು ಎಷ್ಟು ಸಲ ಸಿಟ್ಟಿನಿಂದ ಕೈಯೆತ್ತಿದೆನು? ಮದ್ಯ ಮುಟ್ಟಿದ ದಿನ ಆಯುಧವನ್ನು ಮುಟ್ಟದಿರಬಲ್ಲೆನೇ? ಮನೆಯಲ್ಲಿ ಮಕ್ಕಳಿದ್ದಾರೆಯೇ, ಮನಸ್ಸು ಕುಗ್ಗಿದವರಿದ್ದಾರೆಯೇ? ಅವರಿಗಾಗಿ ಅದನ್ನು ಬೀಗದಲ್ಲಿಡುವೆನೇ, ಅಗತ್ಯವಾದರೆ ಮನೆಯಿಂದಲೇ ಕಳುಹಿಸಿಬಿಡುವೆನೇ? ಈ ಪ್ರಶ್ನೆಗಳಿಗೆ ಯಾವ ಕಾರ್ಖಾನೆಯೂ ಉತ್ತರ ಕೊಡಲಾರದು. ಇವುಗಳಿಗೆ ನಿಜವಾದ ಉತ್ತರ ಕೊಡಬಲ್ಲವರು ಹೆಂಡತಿ, ಮಕ್ಕಳು, ನೆರೆಯವರು. ಪಿಸ್ತೂಲನ್ನು ಕೊಳ್ಳುವ ಮುನ್ನ ಅವರನ್ನು ಕೇಳುವುದು ಲೇಸು.